ಚಿತ್ರಕಥೆ ಎಂದರೆ ಮೂಗು ಮುರಿಯುವುದೇಕೆ?



ಕಳೆದ ಸಾಮಾನ್ಯ ಸಭೆಯಲ್ಲಿ ಒಂದು ಸಲಹೆ ಬಂತು. ಈ ಸಲ ರಾಜ್ಯೋತ್ಸವಕ್ಕೆ ಊರಿನಿಂದ ಒಬ್ಬ ಚಿತ್ರಕಲಾವಿದರನ್ನು ಕರೆಸೋಣ, ಮಕ್ಕಳ ಕೈಯಲ್ಲಿ ಕನ್ನಡದ ಚಿತ್ರಕಥೆ ಬರೆಸೋಣ ಎಂದು. ಎರಡೇ ನಿಮಿಷದಲ್ಲಿ "ಕಾಮಿಕ್ಸ್ ಸಾಹಿತ್ಯವಲ್ಲ, ನಮ್ಮ ಸಂಸ್ಕೃತಿಯೂ ಅಲ್ಲ, ದುಡ್ಡು ದಂಡ" ಎಂದು ಅದನ್ನು ಬದಿಗಿಟ್ಟಾಯಿತು. ಆಮೇಲೆ ಮುಕ್ಕಾಲು ಗಂಟೆ ಸಿನಿಮಾ ತಾರೆಯ ವಿಮಾನದ ಟಿಕೆಟ್ಟಿನ ಬಗ್ಗೆ ಮಾತು ನಡೆಯಿತು. ಈ ತೀರ್ಮಾನ ತಪ್ಪೆಂದು ಖಂಡಿತವಾಗಿ ಹೇಳುತ್ತೇನೆ.

ನಾವಿರುವ ಟೊರಾಂಟೊ ಈ ವಿಷಯದಲ್ಲಿ ಸಾಮಾನ್ಯ ಊರಲ್ಲ. ಸೂಪರ್‌ಮ್ಯಾನ್ ಚಿತ್ರವನ್ನು ಮೊದಲು ಬರೆದ ಜೋ ಶುಸ್ಟರ್ ಹುಟ್ಟಿದ್ದು ಇಲ್ಲೇ, 1914ರಲ್ಲಿ. ಸಿಲ್ವರ್ ಸ್ನೇಲ್ ಅಂಗಡಿ 1976ರಲ್ಲಿ, ಬಿಗೈಲಿಂಗ್ 1987ರಲ್ಲಿ ಶುರುವಾದವು. ನಾನು ರೆಸಿಡೆನ್ಸಿ ಮಾಡುತ್ತಿದ್ದ ದಿನಗಳಲ್ಲಿ ಬಿಗೈಲಿಂಗ್ ಮಾರ್ಕಂ ಸ್ಟ್ರೀಟಿನ ಹಳೇ ಮನೆಯೊಂದರಲ್ಲಿತ್ತು (2017ರಲ್ಲಿ ಕಾಲೇಜ್ ಸ್ಟ್ರೀಟಿಗೆ ಹೋಯಿತು). ಕೊಳ್ಳದೆ ಅರ್ಧ ಗಂಟೆ ಪುಟ ತಿರುವಿದರೂ ಯಾರೂ ಗದರುತ್ತಿರಲಿಲ್ಲ. ಮುಂದೆ ಮಕ್ಕಳನ್ನೂ ಇಂಥ ಅಂಗಡಿಗಳಿಗೆ ಕರೆದುಕೊಂಡು ಹೋಗಿದ್ದೇನೆ. ಹೊರಗಿನಿಂದ ಬಂದ ಕಲಾವಿದ ಒಂದು ಮೇಜಿನ ಹಿಂದೆ ಕೂತು ರುಜು ಹಾಕುತ್ತಾನೆ, ಕೇಳಿದರೆ ಚಿತ್ರವನ್ನೂ ಬರೆದುಕೊಡುತ್ತಾನೆ. ಹಾರ, ಶಾಲು, ಸ್ವಾಗತ ಭಾಷಣ ಯಾವುದೂ ಇಲ್ಲ. ಆದರೆ ಸಾಲಿನಲ್ಲಿ ನಿಂತ ಹುಡುಗಿ ಮನೆಗೆ ಬಂದು ವಾರವಿಡೀ ಪೆನ್ಸಿಲ್ ಕೆಳಗಿಡುವುದಿಲ್ಲ. ಬಿಗೈಲಿಂಗ್‌ನವರೇ ಸೇರಿ 2003ರಲ್ಲಿ ಆರಂಭಿಸಿದ ಟೊರಾಂಟೊ ಕಾಮಿಕ್ ಆರ್ಟ್ಸ್ ಫೆಸ್ಟಿವಲ್, 2009ರಿಂದ ಎಷ್ಟೋ ವರ್ಷ ನಡೆದದ್ದು ಇಲ್ಲಿನ ರೆಫರೆನ್ಸ್ ಲೈಬ್ರರಿಯಲ್ಲಿ. ಅಷ್ಟು ದೊಡ್ಡ ಗ್ರಂಥಾಲಯಕ್ಕಿಲ್ಲದ ಮಡಿ ನಮ್ಮ ಸಂಘಕ್ಕೇಕೆ?

ಇನ್ನು "ನಮ್ಮ ಸಂಸ್ಕೃತಿಯಲ್ಲ" ಎಂಬ ಮಾತು. 1967ರಿಂದ ಅಮರ ಚಿತ್ರಕಥೆಯನ್ನು ಬೆಳೆಸಿದ ಅನಂತ ಪೈ ಕಾರ್ಕಳದಲ್ಲಿ ಹುಟ್ಟಿದವರು. ಅದಕ್ಕೂ ಮೊದಲು, 1965ರಲ್ಲಿ, ಆ ಮಾಲೆ ಶುರುವಾದದ್ದೇ ಕನ್ನಡದಲ್ಲಿ ಎಂದು ಬೆಂಗಳೂರಿನ ಐ.ಬಿ.ಎಚ್.ನಲ್ಲಿದ್ದ ಜಿ.ಕೆ. ಅನಂತರಾಮ್ ಹೇಳಿದ್ದಾರೆ. ನಾವು ಅದನ್ನೇ ಇಂಗ್ಲಿಷಿನಲ್ಲಿ ಕೊಂಡು ಮಕ್ಕಳಿಗೆ ಉಡುಗೊರೆ ಕೊಡುತ್ತೇವೆ! ಎಂ.ಟಿ.ವಿ. ಆಚಾರ್ಯರು ಬರೆದ 'ಚಂದಮಾಮ'ದ ಮಹಾಭಾರತ ಮುಖಪುಟಗಳನ್ನು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. ಮೈಸೂರಿನ ಆರ್.ಕೆ. ಲಕ್ಷ್ಮಣ್ ಎಳೆಯ ವಯಸ್ಸಿನಲ್ಲಿ ಚಿತ್ರ ಬರೆದದ್ದು 'ಕೊರವಂಜಿ'ಗೆ. 1942ರಿಂದ 1967ರವರೆಗೆ ಆ ಪತ್ರಿಕೆ ನಡೆಸಿದ ರಾಶಿ, ಅಂದರೆ ಎಂ. ಶಿವರಾಂ, ವೃತ್ತಿಯಲ್ಲಿ ಡಾಕ್ಟರು. ನನ್ನ ಕಸುಬಿನವರು ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ.

ನಾನು ಭಾಷಾ ಪಂಡಿತನಲ್ಲ. ಆದರೆ ಕ್ಲಿನಿಕ್ಕಿಗೆ ಬರುವ ನಮ್ಮವರ ಮಕ್ಕಳನ್ನು ನೋಡುತ್ತೇನೆ. ಅಜ್ಜಿ ಕನ್ನಡದಲ್ಲಿ ಕೇಳಿದ್ದು ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಕಾಗುಣಿತ ಮುಗಿಸಿದ ಮಗುವಿನ ಕೈಗೆ ನಾವು ಕೊಡುವುದು ಗ್ರಾಂಥಿಕ ಭಾಷೆಯ ನೀತಿಪಾಠ. ಚಿತ್ರಕಥೆಯಲ್ಲಿ ವಾಕ್ಯ ಚಿಕ್ಕದು. ತಿಳಿಯದ ಪದಕ್ಕೆ ಚಿತ್ರವೇ ಅರ್ಥ ಹೇಳುತ್ತದೆ. ತಾನೇ ಚಿತ್ರ ಬರೆದ ಮಗು ಪಾತ್ರದ ಬಾಯಿಗೆ ನಾಲ್ಕು ಮಾತು ಹಾಕಲೇಬೇಕು. ಆಗ ಒತ್ತಕ್ಷರ ಹೇಗೆಂದು ತಾನಾಗಿ ಬಂದು ಕೇಳುತ್ತದೆ. ನಮ್ಮ ಬೈಗುಳದಿಂದ ಈವರೆಗೆ ಆಗದ ಕೆಲಸ ಇದು.

ತಾರೆ ಬಂದರೆ ಟಿಕೆಟ್ ಖರ್ಚಾಗುತ್ತದೆ, ನಿಜ. ಆದರೆ ಕಲಾವಿದರಿಗೆ ಸಭೆ ಹಿಡಿದಿಡಲು ಬರುವುದಿಲ್ಲ ಎನ್ನಬೇಡಿ. 2023ರಲ್ಲಿ ತೀರಿಕೊಂಡ ಬಿ.ಕೆ.ಎಸ್. ವರ್ಮ, ಹಾಡು ಮುಗಿಯುವುದರೊಳಗೆ ವೇದಿಕೆಯ ಮೇಲೇ ಚಿತ್ರ ಮುಗಿಸಿ ಜನರನ್ನು ಬೆರಗುಗೊಳಿಸುತ್ತಿದ್ದರು. ತಾರೆಯ ಭೇಟಿಯಿಂದ ನಮಗೆ ಉಳಿಯುವುದು ಒಂದು ಫೋಟೋ. ಕಲಾವಿದರು ಬಂದು ಒಂದು ವಾರ ನಮ್ಮ ಮನೆಗಳಲ್ಲೇ ಇದ್ದರೆ, ಮಕ್ಕಳೇ ಬರೆದ ಒಂದು ಕನ್ನಡ ಪುಸ್ತಕ ಉಳಿಯುತ್ತದೆ. ಅದನ್ನು ಈ ಪತ್ರಿಕೆಯ ಹಾಗೆಯೇ ಜೆರಾಕ್ಸ್ ಮಾಡಿ ಹಂಚಬಹುದು.

ಮುಂದಿನ ಸಭೆಯಲ್ಲಿ ಈ ವಿಷಯವನ್ನು ಮತ್ತೆ ಎತ್ತುತ್ತೇನೆ. ವಿರೋಧಿಸುವವರು ದಯವಿಟ್ಟು ಮಕ್ಕಳನ್ನೂ ಕರೆದುಕೊಂಡು ಬನ್ನಿ. ಕೈ ಎತ್ತುವ ಮುಂಚೆ ಅವರನ್ನೂ ಒಂದು ಮಾತು ಕೇಳಿ.