ಜೇನುಪೆಟ್ಟಿಗೆಗೆ ಹಳೇ ಆಯಿಲ್ ಬೇಡ, ಅಗಸಿ ಎಣ್ಣೆ ಹಚ್ಚಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದಲ್ಲಿ ದಾಳಿಂಬೆ, ಸೂರ್ಯಕಾಂತಿ ಬೆಳೆಯುವವರೇ, ಬದುವಿನ ಮೇಲೆ ಎರಡು ಜೇನುಪೆಟ್ಟಿಗೆ ಇಟ್ಟವರೇ, ಅವನ್ನು ಮಾಡಿಕೊಡುವ ಬಡಿಗೇರರೇ, ನಿಮ್ಮಲ್ಲಿ ಒಂದು ಕೇಳಿಕೆ. ಗೆದ್ದಲು ಹತ್ತಬಾರದೆಂದು ಪೆಟ್ಟಿಗೆಗೆ ಟ್ರ್ಯಾಕ್ಟರಿನ ಹಳೇ ಆಯಿಲ್ ಬಳಿಯುವುದನ್ನು ದಯವಿಟ್ಟು ಬಿಡಿ.

ಮಲೆನಾಡಿನಲ್ಲಿ ಪೆಟ್ಟಿಗೆಯನ್ನು ಹಾಳುಮಾಡುವುದು ಮಳೆ, ನಮ್ಮಲ್ಲಿ ಬಿಸಿಲು. ಬೇಸಿಗೆಯಲ್ಲಿ 40 ಡಿಗ್ರಿ ದಾಟಿದರೆ ಹಲಗೆ ಬಿರಿಯುತ್ತದೆ, ಮೂಲೆ ಬಿಡುತ್ತದೆ, ಆ ಸಂದಿಯಲ್ಲಿ ಮೇಣದ ಪತಂಗ ಮೊಟ್ಟೆಯಿಡುತ್ತದೆ. ಒಳಗಿನ ಮರಿಗಳಿಗೆ ಬೇಕಾದ್ದು 34-35 ಡಿಗ್ರಿ. ಅಷ್ಟಕ್ಕೆ ಇಳಿಸಲು ಹುಳಗಳು ನೀರು ಹೊತ್ತು ತಂದು ದಿನವಿಡೀ ರೆಕ್ಕೆ ಬೀಸುತ್ತವೆ. ನಾವು ಕರಿ ಆಯಿಲ್ ಬಳಿದು ಪೆಟ್ಟಿಗೆ ಇನ್ನಷ್ಟು ಕಾಯುವಂತೆ ಮಾಡುತ್ತೇವೆ. ಅದರ ನಾತ, ಅದರಲ್ಲಿನ ಲೋಹದ ಕಸ ಜೇನುತುಪ್ಪದ ಮಗ್ಗುಲಲ್ಲಿ ಇರತಕ್ಕದ್ದೂ ಅಲ್ಲ.

ಚಟ್ನಿಪುಡಿಯ ಅಗಸಿ ಇದೆಯಲ್ಲ, ಅದರ ಗಾಣದ ಎಣ್ಣೆ ತನ್ನಿ. ಅದು ಗಾಳಿಯ ಆಮ್ಲಜನಕ ಕುಡಿದು ಮರದ ಮೇಲೆ ಗಟ್ಟಿ ಪೊರೆಯಾಗುತ್ತದೆ. ಕುಸುಬಿ ಎಣ್ಣೆಯೂ ಆದೀತು, ಒಣಗುವುದು ನಿಧಾನ. ಶೇಂಗಾ ಎಣ್ಣೆ ಮಾತ್ರ ಬೇಡ. ಅದು ಒಣಗದೆ ಜಿಗುಟಾಗಿ ದೂಳು ಹಿಡಿಯುತ್ತದೆ. ಪೇಂಟಿನ ಅಂಗಡಿಯ ಕುದಿಸಿದ ಅಗಸಿ ಎಣ್ಣೆಗೆ ಬೇಗ ಒಣಗಲೆಂದು ಲೋಹದ ಲವಣ ಬೆರೆಸಿರುವುದುಂಟು, ಅದೂ ಬೇಡ.

ಹಚ್ಚುವ ಮೊದಲು ಎಣ್ಣೆಯಲ್ಲಿ ಜೇನುಮೇಣ ಕರಗಿಸಿಕೊಳ್ಳಿ, ಲೀಟರಿಗೆ 50-60 ಗ್ರಾಂ ಸಾಕು. ಮೇಣ 62-64 ಡಿಗ್ರಿಗೇ ಕರಗುವುದರಿಂದ ನೇರ ಉರಿ ಬೇಡ, ಬಿಸಿನೀರಿನ ಬೋಗುಣಿಯಲ್ಲಿ ಪಾತ್ರೆ ಇಡಿ. ಖಾಲಿ ಪೆಟ್ಟಿಗೆಯ ಹೊರಮೈಗೆ ತೆಳ್ಳಗೆ ಹಚ್ಚಿ, ಅರ್ಧ ತಾಸು ಬಿಟ್ಟು ಮರ ಕುಡಿಯದೆ ಉಳಿದದ್ದನ್ನು ಒರೆಸಿ. ಹಲಗೆಯ ಕೊಯ್ದ ತುದಿಗಳಿಗೆ ಎರಡು ಸಲ. ಎರಡು-ಮೂರು ವಾರ ಗಾಳಿಗಿಟ್ಟು, ವಾಸನೆ ಹೋದ ಮೇಲೆಯೇ ಹುಳ ತುಂಬಿ.

ರಬಕವಿ-ಬನಹಟ್ಟಿಯ ನೇಕಾರರ ಮನೆಗಳಿಗೆ ಒಂದು ಮಾತು ಒತ್ತಿ ಹೇಳಬೇಕು. ಅಗಸಿ ಎಣ್ಣೆ ಒರೆಸಿದ ಅರಿವೆಯನ್ನು ಉಂಡೆಮಾಡಿ ಮೂಲೆಗೆ ಎಸೆದರೆ, ಎಣ್ಣೆ ಒಣಗುವ ಕಾವಿಗೇ ಅದು ತಾನಾಗಿ ಹೊತ್ತಿಕೊಳ್ಳಬಲ್ಲದು. ಪಕ್ಕದಲ್ಲಿ ನೂಲಿನ ರಾಶಿ ಇದ್ದರೆ ಮುಂದಿನದನ್ನು ನಾನು ಹೇಳಬೇಕಿಲ್ಲ. ಅರಿವೆಯನ್ನು ನೀರಲ್ಲಿ ಅದ್ದಿಡಿ, ಇಲ್ಲವೇ ಬಯಲಲ್ಲಿ ಬಿಡಿಸಿ ಹರವಿ.

ಒಳಮೈಗೆ ಏನನ್ನೂ ಹಚ್ಚಬೇಡಿ, ಬೇವಿನೆಣ್ಣೆಯನ್ನೂ! ಅದರ ಹುಳ ಕೊಲ್ಲುವ ಗುಣ ಜೇನಿನ ಮರಿಯನ್ನೂ ಬಿಡುವುದಿಲ್ಲ. ಪರದೇಶದ ಮೆಲ್ಲಿಫೆರಾ ಜೇನು ಗಿಡದ ಅಂಟು ತಂದು ಒಳಗೋಡೆಗೆ ತಾನೇ ಮೆತ್ತಿಕೊಳ್ಳುತ್ತದೆ. ನಮ್ಮ ತುಡುವೆಗೆ ಆ ರೂಢಿ ಇಲ್ಲ, ಬರಿ ಹಲಗೆಯಲ್ಲೇ ಸುಖವಾಗಿರುತ್ತದೆ.

ಇನ್ನು ಗೆದ್ದಲು. ಅದಕ್ಕೆ ಅಗಸಿ ಎಣ್ಣೆ ಮದ್ದಲ್ಲ. ಪೆಟ್ಟಿಗೆಯನ್ನು ಕಬ್ಬಿಣದ ಕಾಲಿನ ಮೇಲೆ ನಿಲ್ಲಿಸಿ, ಕಾಲಿನ ಬುಡಕ್ಕೆ ನೀರಿನ ಬಟ್ಟಲಿಡಿ, ಇರುವೆಯೂ ಹತ್ತದು. ಬಿಸಿಲು ತಡೆಯಲು ಮುಚ್ಚಳಕ್ಕೆ ಎಣ್ಣೆಯ ಬದಲು ಸುಣ್ಣ ಬಳಿಯಿರಿ. ಮುಧೋಳ, ಜಮಖಂಡಿಯ ಕಬ್ಬಿನ ಹೊಲಗಳಲ್ಲಿ ಬೆಂಕಿ ಹಚ್ಚುವ ರವದಿಯಲ್ಲಿ ಒಂದು ಹೊರೆ ಉಳಿಸಿಕೊಂಡು, ಈ ಬೇಸಿಗೆಗೆ ಅದನ್ನೇ ಪೆಟ್ಟಿಗೆಯ ಮೇಲೆ ಹೊದಿಸಿ.