ದೇಹೂ ರೋಡಿನಿಂದ ರಕ್ಷಣಾ ಬಜೆಟ್
ಪುಣೆಯ ದೇಹೂ ರೋಡಿನ ಆರ್ಡ್‌ನೆನ್ಸ್ ಫ್ಯಾಕ್ಟರಿಯಲ್ಲಿ ಸೈನಿಕರ ಚಲನವಲನ ಮರೆಮಾಚುವ ಹೊಗೆಬಾಂಬು, ರಾತ್ರಿ ರಣರಂಗ ಬೆಳಗುವ ಫ್ಲೇರ್‌ಗಳು ತಯಾರಾಗುತ್ತವೆ. ಮದ್ದಿನ ಕೆಲಸ, ಕೈ ತಪ್ಪುವಂತಿಲ್ಲ. ಇಂಥ ಸರಕಿಗೆ ಸೇನೆ ಹಣ ಕೊಡುವುದು ರಕ್ಷಣಾ ಬಜೆಟ್ಟಿನಿಂದ. 2025ರಲ್ಲಿ ಚೀನಾ ಸೇನಾ ಬಜೆಟ್ಟನ್ನು ಶೇ 7.2ರಷ್ಟು ಏರಿಸಿದಾಗ ‘ನಾವೂ ಏರಿಸಬೇಕು’ ಎಂದು ಜನ ಅನ್ನುವುದು ಸಹಜ. 1962ರ ಯುದ್ಧದಲ್ಲಿ ಚೀನಾದಿಂದ ಪೆಟ್ಟು ತಿಂದ ದೇಶ ನಮ್ಮದು. ಆದರೆ 2025-26ರಲ್ಲಿ ನಾವು ರಕ್ಷಣೆಗೆ ತೆಗೆದಿಟ್ಟ 6.81 ಲಕ್ಷ ಕೋಟಿ ರೂಪಾಯಿಯಲ್ಲಿ ಆಯುಧ ಖರೀದಿಯೂ ಸೇರಿದ ಬಂಡವಾಳ ವೆಚ್ಚಕ್ಕೆ ಸಿಕ್ಕಿದ್ದು 1.80 ಲಕ್ಷ ಕೋಟಿ ಮಾತ್ರ. ಪಿಂಚಣಿಗೆ 1.60 ಲಕ್ಷ ಕೋಟಿ. ಅದು ತೀರಿಸಲೇಬೇಕಾದ ಋಣ, ಅದರಲ್ಲಿ ಕೈಯಾಡಿಸುವುದು ತಪ್ಪು. ಹಾಗಾಗಿ ಮೊತ್ತ ಏರಿತೇ ಎಂದಷ್ಟೇ ಕೇಳಬೇಡಿ. ಕೊಟ್ಟ ಹಣ ಯಾವುದಕ್ಕೆ ಖರ್ಚಾಯಿತು, ಆರ್ಡರು ಮಾಡಿದ್ದು ವೇಳೆಗೆ ಸರಿಯಾಗಿ ಗಡಿ ತಲುಪಿತೇ ಎಂದು ನಿಮ್ಮ ಸಂಸದರನ್ನು ಕೇಳಿ.