ಉಗುರಿಗೆ ಸಿಗದ ಗೀರು

ರಾಮದುರ್ಗ ತಾಲ್ಲೂಕಿನ ಸುರೇಬಾನದಿಂದ ಶಬರಿಕೊಳ್ಳದ ಕಡೆ ಹೋಗಿಬಂದ ಕಾರಿನ ಮೈಮೇಲೆ ದೂಳಂತೂ ಇರುತ್ತದೆ, ಜಾಲಿಕಂಟಿ ಸವರಿದ್ದರೆ ಜತೆಗೊಂದು ಗೀರು. ಆ ದೂಳನ್ನು ಒಣ ಅರಿವೆಯಿಂದ ಒರೆಸಿದರೆ ಒಂದು ಗೀರು ನೂರಾಗುತ್ತದೆ. ಮಣ್ಣಿನ ಹರಳು ಉಜ್ಜುಕಾಗದಕ್ಕೆ ಕಡಿಮೆಯಲ್ಲ. ಮೊದಲು ಕೊಡಗಟ್ಟಲೆ ನೀರು, ಕಾರ್ ಶಾಂಪೂ. ಆಮೇಲೆ ಉಗುರಿನ ಪರೀಕ್ಷೆ: ಗೀರಿಗೆ ಅಡ್ಡಲಾಗಿ ಎಳೆದ ಉಗುರು ತಡೆದು ನಿಂತರೆ ಅದು ಪೇಂಟರನ ಕೆಲಸ, ಸಲೀಸಾಗಿ ಜಾರಿದರೆ ಪೆಟ್ಟು ಬಣ್ಣದ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್‌ಗಷ್ಟೇ. ಆ ಪದರದ ದಪ್ಪ ಸುಮಾರು 40ರಿಂದ 50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಇಂಥ ಗೀರಿಗೆ ಹಚ್ಚುವ ಪಾಲಿಶ್ ಅದನ್ನು ತುಂಬುವುದಿಲ್ಲ, ಅದರ ಸುತ್ತಲಿನ ಪದರವನ್ನೇ ಸವೆಸಿ ಸಮ ಮಾಡುತ್ತದೆ. ಹೊಸಬರು ಎಡವುವುದು ಇಲ್ಲೇ: ಜೋರಾಗಿ ತಿಕ್ಕಿದಷ್ಟೂ ಒಳ್ಳೆಯದೆಂಬ ಹುರುಪು. ತಗಡು ತಣ್ಣಗಿರುವಾಗ, ನೆರಳಲ್ಲಿ, ಬಟಾಣಿಯಷ್ಟು ಪಾಲಿಶನ್ನು ಮೈಕ್ರೋಫೈಬರ್ ಬಟ್ಟೆಗೆ ಹಚ್ಚಿ, ಅಂಗೈಯಗಲದ ಜಾಗದಲ್ಲಿ ನಿಮಿಷವೊಂದೆರಡು ತಿಕ್ಕಿ, ಒರೆಸಿ ನೋಡಬೇಕು. ಬಾಗಿಲಿನ ಅಂಚಿನಲ್ಲಿ ಬಣ್ಣ ತೆಳು. ಅಲ್ಲಿ ಕೈ ಹಗುರವಿರಲಿ. ಬೇವಿನ ನೆರಳು ತಂಪೇನೋ ಸರಿ, ಹಸಿ ಪಾಲಿಶಿನ ಮೇಲೆ ಉದುರುವ ಹೂವು, ಹಕ್ಕಿಯ ಹಿಕ್ಕೆ ಬೇರೆಯೇ ಕಥೆ. ಟೂತ್‌ಪೇಸ್ಟ್? ಅದರಲ್ಲೂ ಸವೆಸುವ ಪುಡಿ ಇದೆ ನಿಜ, ಆದರೆ ಅದನ್ನು ಮಾಡಿದ್ದು ಹಲ್ಲಿಗೆ.